ನಿಂತಂತೆ ಕಂಡ ಡ್ರಮ್

ಆ ಅಮ್ಮ ಓಡುತ್ತಿದ್ದ ಮಿಷನ್ನಿಗೆ ಕೈ ಹಾಕಲಿಲ್ಲ. ಬೇರೇನನ್ನಾದರೂ ಬರೆಯುವ ಮೊದಲು ಇದನ್ನು ಬರೆದುಬಿಡಬೇಕು.

ನಾನು ಹಾಸನದಲ್ಲಿ ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಓದಿ, ಮೋಟಾರುಗಳಿಗೆ ಡ್ರೈವ್ ಕೂರಿಸುವ ಕೆಲಸಕ್ಕೆ ಸೇರಿದವಳು. ಡ್ರೈವ್ ಅಂದರೆ ಗೋಡೆಗೆ ಹೊಡೆಯುವ ಒಂದು ಪೆಟ್ಟಿಗೆ. ಮೋಟಾರಿಗೆ ಹೋಗುವ ಕರೆಂಟಿನ ಆವರ್ತನವನ್ನು ಏರಿಸಿ ಇಳಿಸಿ, ಅದು ಎಷ್ಟು ವೇಗವಾಗಿ ತಿರುಗಬೇಕು, ಎಷ್ಟು ಬಲ ಹಾಕಬೇಕು ಎಂಬುದನ್ನು ಹಿಡಿತದಲ್ಲಿಡುತ್ತದೆ. ಆ ತಿರುಗಿಸುವ ಬಲಕ್ಕೆ ಟಾರ್ಕ್ ಅನ್ನುತ್ತೇವೆ. ಹೊಳೆನರಸೀಪುರ, ಕೊಣನೂರಿನ ಅಕ್ಕಿ ಗಿರಣಿಗಳಲ್ಲಿ ಎಷ್ಟೋ ಡ್ರೈವ್ ಕೂರಿಸಿದ್ದೆ. ಚನ್ನರಾಯಪಟ್ಟಣದ ಹತ್ತಿರದ ಈ ತೆಂಗಿನ ನಾರಿನ ಕಾರ್ಖಾನೆ ಮಾತ್ರ ನನಗೆ ಹೊಸದು.

ಕಾಯಿ ಮಟ್ಟೆಯನ್ನು ಸಿಗಿದು ನಾರು ತೆಗೆಯುವ, ಮೈತುಂಬ ಕಬ್ಬಿಣದ ಹಲ್ಲುಗಳ ಡ್ರಮ್ ಅಲ್ಲಿತ್ತು. ಅದಕ್ಕೆ ಮಟ್ಟೆ ಕೊಡುತ್ತಿದ್ದವರೇ ಆ ಅಮ್ಮ, ಐವತ್ತು ದಾಟಿದವರು. ಮಟ್ಟೆ ಸಿಕ್ಕಿಕೊಂಡರೆ, ಮೋಟಾರಿನಿಂದ ಡ್ರಮ್ ತಿರುಗಿಸುವ ಹಳೇ ಚಪ್ಪಟೆ ಬೆಲ್ಟು ಜಾರಿ ಕಿರುಚುತ್ತಿತ್ತು, ರಬ್ಬರು ಸುಟ್ಟ ವಾಸನೆ ಬರುತ್ತಿತ್ತು. ಅವರು ಕೋಲಿನಿಂದ ಬೆಲ್ಟನ್ನು ಗಾಲಿಯಿಂದ ಎಗರಿಸಿ, ಎಳೆದು ಹೆಗಲಿಗೆ ಹಾಕಿಕೊಂಡು, ಆಮೇಲೆ ಡ್ರಮ್ಮಿಗೆ ಕೈ ಹಾಕುತ್ತಿದ್ದರು.

"ಸ್ವಿಚ್ ಆಫ್ ಮಾಡಿದ್ರೆ ಸಾಲದೇನಮ್ಮ?" ಎಂದು ಕೇಳಿದ್ದೆ.

"ಸ್ವಿಚ್ಚ ಯಾರ್ ಬೇಕಾದ್ರೂ ಒತ್ಬೌದು ಕಣವ್ವಾ. ಬೆಲ್ಟು ನನ್ ಎಗಲ್ ಮ್ಯಾಲಿದ್ರೆ ಇನ್ಯಾವನ್ ಓಡ್ಸಾನು?"

ಮಾಲೀಕರು ನಕ್ಕರು. "ಅವ್ಳಿಗೆ ಅದೇ ವಡವೆ ಮೇಡಂ."

"ಚಿನ್ನದ್ದು ನೀವೆಲ್ ಕೊಟ್ಟೀರಿ ಸಾ!"

ನಾನು ಆ ಬೆಲ್ಟನ್ನೇ ತೆಗೆಸಿದೆ. ಮೋಟಾರನ್ನು ಡ್ರಮ್ಮಿಗೆ ನೇರವಾಗಿ ಜೋಡಿಸಿ, ಡ್ರೈವ್ ಕೂರಿಸಿ, ಇನ್ನು ಮೇಲೆ ಜಾರುವುದಿಲ್ಲ, ಕರೆಂಟೂ ಉಳಿಯುತ್ತದೆ ಎಂದೆ. ಆ ಅಮ್ಮ ಬೆಲ್ಟನ್ನು ಸುತ್ತಿ ಗೋಡೆಯ ಮೊಳೆಗೆ ನೇತುಹಾಕಿದರು.

ಮಳೆಗಾಲ ಬಂತು. ನೆನೆದ ಮಟ್ಟೆ ಪದೇಪದೇ ಸಿಕ್ಕಿಕೊಂಡು ಡ್ರೈವ್ ಟ್ರಿಪ್ ಆಗಿ, ಮೋಟಾರಿನ ಕರೆಂಟು ತಾನೇ ಕಡಿದುಬಿಡತೊಡಗಿತು. "ನಿಮ್ ಪೆಟ್ಗೆಗಿಂತ ನಮ್ ಮುದಿ ಎತ್ತೇ ವಾಸಿ," ಎಂದು ಮಾಲೀಕರು ಫೋನಿನಲ್ಲಿ ರೇಗಿದರು. ಒಂದು ಬೆಳಿಗ್ಗೆ ಹೋಗಿ ಟಾರ್ಕಿನ ಮಿತಿ ಏರಿಸಿದೆ. ಮಟ್ಟೆ ಸಿಕ್ಕಿಕೊಂಡರೆ ಟ್ರಿಪ್ ಆಗದೆ, ಬಲ ಬಿಡದೆ, ಒಂದು ನಿಮಿಷ ಕಾಯುವಂತೆ ಮಾಡಿದೆ. ಅಷ್ಟರಲ್ಲಿ ಮಟ್ಟೆ ಹರಿದುಹೋದರೆ ಡ್ರಮ್ ತಾನೇ ಹೊರಡುತ್ತದೆ. ಮಾಲೀಕರಿಗೆ ವಿವರಿಸಿದೆ. ಆ ಅಮ್ಮ ಹೊರಗೆ ಮಟ್ಟೆ ತುಂಬುತ್ತಿದ್ದರು. ಅವರಿಗೆ ಹೇಳಲಿಲ್ಲ.

ಹನ್ನೊಂದರ ಹೊತ್ತಿಗೆ ಡ್ರಮ್ ಸಿಕ್ಕಿಕೊಂಡಿತು. ಬೆಲ್ಟಿನ ಕಿರುಚಾಟವಿಲ್ಲ, ವಾಸನೆಯಿಲ್ಲ. ಮೋಟಾರಿನ ಸಣ್ಣ ಗುಂಯ್ ಸದ್ದು ತಗಡಿನ ಮೇಲಿನ ಮಳೆಯಲ್ಲಿ ಮುಳುಗಿಹೋಗಿತ್ತು. ಆ ಅಮ್ಮನ ಕೈ ಅಭ್ಯಾಸದಂತೆ ಹೆಗಲಿಗೆ ಹೋಯಿತು. ಅಲ್ಲಿ ಏನೂ ಇರಲಿಲ್ಲ. ನನ್ನ ಕಡೆ ತಿರುಗಿದರು.

"ನಿಂತದಾ ಅವ್ವಾ?"

ನಾನು ಹತ್ತು ಅಡಿ ದೂರದಲ್ಲಿ, ಪೆಟ್ಟಿಗೆಯ ಮುಂದೆ ಇದ್ದೆ. ಅದರ ಪರದೆಯ ಎರಡು ಸಾಲುಗಳಲ್ಲಿ ಮೇಲಿನದರಲ್ಲಿ ವೇಗ ಸೊನ್ನೆ.

"ನಿಂತಿದೆ," ಎಂದೆ.

ಕೆಳಗಿನ ಸಾಲನ್ನು ಆಮೇಲೆ ಓದಿದೆ. ಟಾರ್ಕ್ ಶೇಕಡಾ ನೂರೈವತ್ತು. ಡ್ರಮ್ ಸುಮ್ಮನೆ ನಿಂತಿರಲಿಲ್ಲ, ಆ ಮಟ್ಟೆಯನ್ನು ಇದ್ದಬದ್ದ ಬಲದಿಂದ ನೂಕುತ್ತಿತ್ತು. ನಾನು ಕೂಗಿ ಕೆಂಪು ಗುಂಡಿ ಒತ್ತುವಷ್ಟರಲ್ಲಿ ಅವರು ಮಟ್ಟೆಯನ್ನು ಕಿತ್ತಿದ್ದರು. ಡ್ರಮ್ ಅರ್ಧ ಸುತ್ತು ತಿರುಗಿತು. ಅಷ್ಟೇ.

ಆ ಎರಡು ಸಾಲುಗಳ ನಡುವೆ ಎಷ್ಟು ಹೊತ್ತು ಹೋಯಿತು ಎಂದು ಈಗಲೂ ಎಣಿಸುತ್ತೇನೆ. ಹಲ್ಲುಜ್ಜುವಾಗ, ಬಸ್ಸು ಸಿಗ್ನಲ್ಲಿನಲ್ಲಿ ನಿಂತಾಗ. ಮೊದಲು ಕೆಳಗಿನ ಸಾಲನ್ನೇ ಓದಿದಂತೆಯೂ ಕೆಲವು ಸಲ ಅನ್ನಿಸುತ್ತದೆ. ಆಗ ಅವರ ಕೈ ಉಳಿಯುತ್ತದೆ.

ಹಾಸನದ ಆಸ್ಪತ್ರೆಯವರೆಗೆ ಅವರ ಬಲಗೈಯನ್ನು ನನ್ನ ವೇಲಿನಲ್ಲಿ ಸುತ್ತಿ ಎತ್ತಿ ಹಿಡಿದು ಕೂತಿದ್ದೆ. ಅವರು ಅಳಲಿಲ್ಲ. "ಸಂಜೆ ಆಲ್ ಯಾರ್ ಕರೀತಾರೆ? ಆ ಅಸ ಬ್ಯಾರೇರ್ನ ಮುಟ್ಟುಸ್ಕಳಲ್ಲ," ಎಂದು ಅದನ್ನೇ ಹೇಳುತ್ತಿದ್ದರು. ಮೂರು ಬೆರಳು ಹೋದವು.

ಮರುವಾರ ಅವರ ಮನೆಗೆ ಹೋದೆ.

"ಓಡೋ ಮಿಶನ್ಗೆ ಕೈ ಆಕುದ್ಲು, ತಪ್ಪು ಅವ್ಳ್ದೇ ಅಂತವ್ರಂತೆ ಸಾವ್ಕಾರ್ರು," ಎಂದರು. "ಪರಿಹಾರದ್ ಕಾಗ್ದದಲ್ಲೂ ಅಂಗೇ ಬರ್ಸವ್ರಂತೆ. ಎಲ್ರೂ ಅಂದು ಅಂದು ನಂಗೇ ಅನ್ಮಾನ ಬತ್ತಾದೆ. ನಿಂತಿತ್ತಲ್ವಾ?"

"ನಾನೇ ಹೇಳಿದ್ನಲ್ಲಮ್ಮ, ನಿಂತಿದೆ ಅಂತ."

"ನೀನೇಳ್ದೆ ಅಂತ್ಲೇ ಕಣವ್ವಾ ನಾನ್ ಕೈ ಆಕಿದ್ದು."

ಬೈಯುವ ದನಿಯಲ್ಲಿ ಹೇಳಲಿಲ್ಲ. ನಾನು ಚೀಲದಿಂದ ಒಂದು ಹಾಳೆ ತೆಗೆದೆ.

ಪರಿಹಾರದ ಕಾಗದದ ಜೊತೆ ಕೊಡಲೆಂದು ಅವರ ಜಗಲಿಯ ಮೇಲೆ ಕೂತು ಬರೆದೆ: ಡ್ರಮ್ ನಿಂತಂತೆ ಕಾಣುತ್ತಿತ್ತು, ಡ್ರೈವ್ ಬಲ ಹಾಕುತ್ತಲೇ ಇತ್ತು, ಅದನ್ನು ಹಾಗೆ ಮಾಡಿಟ್ಟವಳು ನಾನು, ನಿಂತಿದೆ ಎಂದವಳೂ ನಾನು. ಕೆಳಗೆ ಸಹಿ ಹಾಕಿ ಓದಿ ಹೇಳಿದೆ. ಅವರು ಕಟ್ಟು ಹಾಕಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕೇಳಿದರು.

"ಬೆಲ್ಟು ಎಗಲ್ ಮ್ಯಾಲೆ ಇರ್ನಿಲ್ಲ ಅಂತ್ಲೂ ಬರಿ," ಎಂದರು.

ಸಹಿಯ ಕೆಳಗೆ ಅದನ್ನೂ ಬರೆದೆ.