ಹಾಡಿಲ್ಲದೆ ಕೈ ಓಡಲ್ಲ

ರಾಜಾಜಿನಗರದ ಕೈಗಾರಿಕಾ ವಸಾಹತಿನ ಆ ತಗಡಿನ ಡಬ್ಬಿ ಕಾರ್ಖಾನೆಯಲ್ಲಿ ‘ಗೇಟಿಗೆ ಹೋದ’ ಎಂದರೆ ಬೀಡಿ ಸೇದಲು ಹೊರಗೆ ಹೋದ ಎಂದಲ್ಲ, ತಗಡು ಕತ್ತರಿಸುವ ಪ್ರೆಸ್ಸಿಗೆ ಬೆರಳು ಕೊಟ್ಟ ಎಂದರ್ಥ. ಬೆರಳು ಕಳೆದುಕೊಂಡವನಿಂದ ಮತ್ತೆ ಮಿಷನ್ ಕೆಲಸ ಆಗುವುದಿಲ್ಲ, ಮನೆಗೆ ಕಳಿಸಿದರೆ ಯೂನಿಯನ್ನಿನವರು ಬಿಡುವುದಿಲ್ಲ. ಅದಕ್ಕೇ ಮಾಲೀಕರಾದ ಲಕ್ಷ್ಮೀಪತಿಯವರು ಅಂಥವನಿಗೊಂದು ಖಾಕಿ ಅಂಗಿ ಹೊಲಿಸಿ ಗೇಟಿನ ಕಾವಲಿಗೆ ನಿಲ್ಲಿಸುತ್ತಿದ್ದರು. ಎಪ್ಪತ್ತರ ದಶಕದ ಆ ವರ್ಷಗಳಲ್ಲಿ ಅಲ್ಲಿ ನಿಂತಿದ್ದವನು ದೊಡ್ಡಹನುಮಯ್ಯ. ಉಳಿದ ಹೆಬ್ಬೆರಳು ಕಿರುಬೆರಳಲ್ಲೇ ಬೆಳಿಗ್ಗೆ ಎಲ್ಲರಿಗೂ ಸಲಾಮು ಹೊಡೆಯುತ್ತಿದ್ದ. ಒಳಗೆ ಹೋಗುವವರು ಅವನ ಮುಖ ನೋಡಿ ನಗುತ್ತಿದ್ದರು, ಕೈಯನ್ನು ಮಾತ್ರ ನೋಡುತ್ತಿರಲಿಲ್ಲ.

ನೋಡುತ್ತಿದ್ದವನು ಮುನಿರಾಮಯ್ಯ ಒಬ್ಬನೇ. ದಿನಾ ಒಂದು ಸಲ ಆ ಕೈ ನೋಡಿಕೊಂಡು ಹೋದರೆ ತನ್ನ ಕೈ ಎಚ್ಚರವಾಗಿರುತ್ತದೆ ಎಂದು ಅವನ ನಂಬಿಕೆ. ಕೆಂಗೇರಿಯವನು. ಬೆಳಗಿನ ರೈಲು ಹಿಡಿದು ಸಿಟಿ ಸ್ಟೇಷನ್ನಿಗೆ ಬಂದು, ಅಲ್ಲಿಂದ ಬಸ್ಸಿನಲ್ಲಿ ಜೋತುಬಿದ್ದು ಕೆಲಸಕ್ಕೆ ಬರುತ್ತಿದ್ದ. ಶನಿವಾರ ಸಂಜೆ ಊರಿನ ರಾಮಮಂದಿರದಲ್ಲಿ ಭಜನೆ ಹೇಳಿಕೊಡುವವನೂ ಅವನೇ. ಕಂಚಿನ ತಾಳ ಹಿಡಿದನೆಂದರೆ ಮುಂದಾಳು, ಉಳಿದವರೆಲ್ಲ ಹಿಂದೆ. ಒಳ್ಳೆಯ ಮನುಷ್ಯ, ಆದರೆ ಭಜನೆಯ ಮಾತು ಎತ್ತಿ ಯಾರಾದರೂ ಹೊಗಳಿದರೆ ನೇರ ಅಟ್ಟ ಹತ್ತಿಬಿಡುತ್ತಿದ್ದ. ಅದೊಂದು ದೌರ್ಬಲ್ಯ ಇಲ್ಲದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಪ್ರೆಸ್ ಕೆಲಸವನ್ನು ಹೇಳುವುದು ಸುಲಭ. ಎಡಗೈಯಲ್ಲಿ ತಗಡು ಹಿಡಿ, ಡೈ ಎಂಬ ಅಚ್ಚಿನ ಮೇಲೆ ಇಡು, ಕೈ ತೆಗಿ, ಕಾಲಲ್ಲಿ ಪೆಡಲು ಒತ್ತು. ಮೇಲಿಂದ ಕಬ್ಬಿಣದ ಗುಂಡು ಇಳಿದು ಮುಚ್ಚಳ ಕತ್ತರಿಸಿ ಏಳುತ್ತದೆ. ಬಲಗೈಯಲ್ಲಿ ಅದನ್ನು ತೆಗಿ, ಮತ್ತೆ ಇಡು. ಇಕ್ಕಳದಲ್ಲಿ ತೆಗೆಯಬೇಕೆಂಬ ನಿಯಮವೇನೋ ಇತ್ತು, ಯಾರು ಪಾಲಿಸುತ್ತಾರೆ? ಕೈಯಲ್ಲಿ ತೆಗೆದರೆ ಬೇಗ. ಕೈಯೂ ಕಾಲೂ ಒಂದಕ್ಕೊಂದು ಅಡ್ಡ ಬರದಂತೆ ನೋಡಿಕೊಳ್ಳಲು ಮುನಿರಾಮಯ್ಯ ಬಾಯೊಳಗೇ ಒಂದು ಭಜನೆಯನ್ನು ಗುನುಗಿಕೊಳ್ಳುತ್ತಿದ್ದ. ಅಕ್ಕ ಶಿವಕ್ಕನ ಮಗ ಅಂಜಿನಯ್ಯನನ್ನು ತಂದು ಪಕ್ಕದ ಪ್ರೆಸ್ಸಿಗೆ ಕೂರಿಸಿದಾಗಲೂ ಹೇಳಿಕೊಟ್ಟದ್ದು ಇದನ್ನೇ. ತಾಳ ಕಾಲಿಗೆ, ಕಣ್ಣು ಕೈಗೆ. ಅಂಜಿನಯ್ಯ ತಂದೆಯಿಲ್ಲದ ಹುಡುಗ, ಮಾವನ ಮನೆಯ ಅನ್ನ ಉಂಡು ಬೆಳೆದವನು. ಭಜನೆಯಲ್ಲಿ ಢೋಲಕ್ ಬಾರಿಸುತ್ತಿದ್ದ. ಮುನಿರಾಮಯ್ಯನ ಮಗಳು ಸೀತೆಗೆ ಅವನೇ ಎಂದು ಚಿಕ್ಕಂದಿನಲ್ಲೇ ಮಾತಾಗಿತ್ತು, ಬರುವ ವೈಶಾಖಕ್ಕೆ ಮದುವೆ.

ಆ ಸಮಯಕ್ಕೆ ಶ್ಯಾಮಸುಂದರ ಎಂಬ ಯುವಕ ಕಾರ್ಖಾನೆಗೆ ಬಂದ. ಯಾವುದೋ ಸಂಸ್ಥೆಯಲ್ಲಿ ಸಂಶೋಧನೆ ಮಾಡುವವನು. ಕೆಲಸಗಾರರು ಬಿಡುವಿನಲ್ಲಿ ಏನು ಮಾಡುತ್ತಾರೆ, ಅದರಿಂದ ಅವರ ದುಡಿಮೆ ಹೆಚ್ಚುತ್ತದೋ ಕುಗ್ಗುತ್ತದೋ ಎಂದು ತಿಳಿಯುವುದು ಅವನ ಕೆಲಸ. ಕೆಟ್ಟವನಲ್ಲ. ಎಲ್ಲರಿಗೂ ‘ನೀವು’ ಎನ್ನುತ್ತಿದ್ದ, ಕ್ಯಾಂಟೀನಿನ ಬೆಂಚಿನ ಮೇಲೆ ಜೊತೆಗೆ ಕೂತು ಟೀ ಕುಡಿಯುತ್ತಿದ್ದ. ಆದರೆ ಪ್ರೆಸ್ಸಿನವರು ಇವನು ಮಾಲೀಕರ ಕಿವಿ ಎಂದುಕೊಂಡರು. ಸಿನಿಮಾಕ್ಕೆ ಹೋಗುವವರು ಮನೆಯಲ್ಲೇ ಇರ್ತೀವಿ ಎಂದರು, ಇಸ್ಪೀಟಿನವರು ಮಕ್ಕಳಿಗೆ ಪಾಠ ಹೇಳಿಕೊಡ್ತೀವಿ ಎಂದರು. ಆ ಕಾರ್ಖಾನೆಯಲ್ಲಿ ಅಷ್ಟೊಂದು ಸಾಧುಗಳಿದ್ದಾರೆಂದು ಅಲ್ಲಿಯವರೆಗೂ ಯಾರಿಗೂ ಗೊತ್ತಿರಲಿಲ್ಲ.

ಮುಚ್ಚಿಡಲು ಏನೂ ಇಲ್ಲದವನು ಮುನಿರಾಮಯ್ಯ. ಭಜನೆಯ ವಿಷಯ ಕೇಳಿದ್ದೇ ತಡ, ರಾಗ, ತಾಳ, ರಾಮನವಮಿಯ ಪಾನಕ ಎಲ್ಲವನ್ನೂ ಹೇಳಿದ. ಶ್ಯಾಮಸುಂದರ ಬೆರಗಾಗಿ ಕೇಳುತ್ತ ಹೋದಷ್ಟೂ ಇವನು ಅಟ್ಟದ ಮೆಟ್ಟಿಲು ಏರುತ್ತ ಹೋದ. ಕೊನೆಗೆ ಇಡೀ ಕ್ಯಾಂಟೀನಿಗೆ ಕೇಳುವಂತೆ ಹೇಳಿದ:

“ಹಾಡಿಲ್ದೆ ನಮ್ಮ ಕೈ ಓಡಲ್ಲ ಸಾರ್.”

“ಕೆಲಸ ಮಾಡುವಾಗಲೂನಾ, ಮುನಿರಾಮಯ್ಯನವರೇ?”

“ಕೆಲಸದಾಗೂ ಅಷ್ಟೇ ಸಾರ್. ಹಾಡು ನಿಂತ್ರೆ ಕೈ ನಿಂತಂಗೆ.”

ಅವನು ಹೇಳಿದ್ದು ಬಾಯೊಳಗಿನ ಗುನುಗನ್ನು ಕುರಿತು, ಅದರಲ್ಲೂ ಅರ್ಧ ಮಾತಿನ ಅಲಂಕಾರಕ್ಕೆ. ಕೇಳಿಸಿಕೊಂಡವನು ಅದನ್ನು ಅಕ್ಷರಶಃ ನಂಬಿ ಮಾಲೀಕರಿಗೆ ಹೇಳಿದ. ಒಂದೆರಡು ವಾರದಲ್ಲಿ ಪ್ರೆಸ್ಸುಗಳ ಶೆಡ್ಡಿನ ತೊಲೆಗೆ ದೊಡ್ಡದೊಂದು ಸ್ಪೀಕರ್ ಬಂದು ಕೂತಿತು. ಆಫೀಸಿನಲ್ಲಿ ರೆಕಾರ್ಡು ಹಾಕಿದರೆ ಇಲ್ಲಿ ಸಿನಿಮಾ ಹಾಡು ಮೊಳಗುತ್ತಿತ್ತು. ಕೆಲಸಗಾರರಿಗೆ ಖುಷಿಯೋ ಖುಷಿ. ಮುಚ್ಚಳಗಳು ಮೊದಲಿಗಿಂತ ಹೆಚ್ಚು ಬಿದ್ದವು. ಲಕ್ಷ್ಮೀಪತಿಯವರು ಮುನಿರಾಮಯ್ಯನ ಬೆನ್ನು ತಟ್ಟಿದರು, ಉಳಿದವರು ಅವನಿಗೆ ರೇಡಿಯೋ ಮುನಿರಾಮಯ್ಯ ಎಂದು ಹೆಸರಿಟ್ಟರು. ಅವನೂ ಹೆಮ್ಮೆಯಿಂದ ಬೀಗಿದ.

ಬೀಗಿದ್ದು ಸ್ವಲ್ಪ ದಿನ ಮಾತ್ರ. ಸ್ಪೀಕರ್ ಕೂಗುವಾಗ ಒಳಗಿನ ಗುನುಗು ಅವನಿಗೆ ಕೇಳಿಸುತ್ತಿರಲಿಲ್ಲ. ಹುಡುಕಿದರೂ ಸಿಗುತ್ತಿರಲಿಲ್ಲ. ಕಾಲು ಯಾರದೋ ಮಾತು ಕೇಳಿಕೊಂಡು ಪೆಡಲು ಒತ್ತುತ್ತಿದೆ ಎನಿಸುತ್ತಿತ್ತು. ಅವನು ನಿಧಾನ ಮಾಡಿದ, ಇಕ್ಕಳ ಹಿಡಿದ. ಪಕ್ಕದಲ್ಲಿ ಅಂಜಿನಯ್ಯ ನಿಧಾನ ಮಾಡುವವನಲ್ಲ. ಢೋಲಕ್ಕಿನ ಹುಡುಗ, ಹಾಡು ಓಡಿದರೆ ಅವನ ಕಾಲೂ ಓಡುತ್ತಿತ್ತು, ಇಷ್ಟದ ಹಾಡು ಬಂದರೆ ಕಣ್ಣು ಕೈ ಬಿಟ್ಟು ಸ್ಪೀಕರ್ ಕಡೆಗೆ ಏಳುತ್ತಿತ್ತು. ಒಂದು ಮಧ್ಯಾಹ್ನ ಅವನ ಅಂಗಿಯ ತೋಳಿನ ಅಂಚು ಡೈಯೊಳಗೆ ಸಿಕ್ಕಿ, ಮುಚ್ಚಳದ ಆಕಾರಕ್ಕೇ ಕತ್ತರಿಸಿಕೊಂಡು ಬಂತು. ಅವನು ಆ ಬಟ್ಟೆಯ ಬಿಲ್ಲೆಯನ್ನು ಎಲ್ಲರಿಗೂ ತೋರಿಸಿ ನಕ್ಕ. ಮರುದಿನ ಬೆಳಿಗ್ಗೆ ದೊಡ್ಡಹನುಮಯ್ಯನ ಕೈ ನೋಡಿದಾಗ ಮುನಿರಾಮಯ್ಯನಿಗೆ ಅದರ ಮೇಲೆ ಮದುವೆಯ ಅರಿಶಿನ ಇದ್ದಂತೆ ಕಂಡಿತು.

ಅಂಜಿನಯ್ಯನಿಗೆ ಬುದ್ಧಿ ಹೇಳಿದ. ಅವನು ಹೂಂ ಎಂದು ಮತ್ತೆ ಹಾಡಿಗೆ ಕುಣಿದ. ಮುನಿರಾಮಯ್ಯ ಸೂಪರ್‌ವೈಸರ್ ವೆಂಕಟಗಿರಿಯ ಹತ್ತಿರ ಹೋಗಿ ಸ್ಪೀಕರ್ ನಿಲ್ಲಿಸಲು ಕೈ ಮುಗಿದ. “ನೀನೇ ಕೇಳಿ ಹಾಕಿಸ್ಕೊಂಡಿದ್ದಲ್ಲಯ್ಯಾ” ಎಂದು ಅವನು ನಗೆಯಾಡಿದ. ಜೊತೆಯವರು ಸಿಟ್ಟಾದರು. ತನ್ನ ಭಜನೆ ಹಾಕಲಿಲ್ಲವೆಂದು ಮುದುಕನಿಗೆ ಹೊಟ್ಟೆಕಿಚ್ಚು ಎಂದು ಬಸ್ಸಿನಲ್ಲೂ ಆಡಿಕೊಂಡರು. ಇನ್ನೊಬ್ಬನಾಗಿದ್ದರೆ ಹಣೆಬರಹವೆಂದು ಸುಮ್ಮನಾಗುತ್ತಿದ್ದ. ಸೀತೆ ಮದುವೆಗೆಂದು ತಾನೇ ರವಿಕೆಗೆ ಕೊಕ್ಕೆ ಹಾಕಿಕೊಳ್ಳುತ್ತ ಕೂತಿರುವುದನ್ನು ದಿನಾ ಸಂಜೆ ನೋಡುವ ತಂದೆ ಹೇಗೆ ಸುಮ್ಮನಾಗುತ್ತಾನೆ?

ಒಂದು ದಿನ ಊಟದ ಗಂಟೆ ಮುಗಿದು ಮಿಷನ್ನುಗಳು ಶುರುವಾದ ಮೇಲೆ, ನೀರು ಕುಡಿದು ಬರುತ್ತೇನೆಂದು ಹೇಳಿ ಅವನು ಕ್ಯಾಂಟೀನಿನ ಹಿಂಬದಿಗೆ ಹೋದ. ಆಫೀಸಿನಿಂದ ಶೆಡ್ಡಿಗೆ ಸ್ಪೀಕರಿನ ವೈರು ಹೋಗುತ್ತಿದ್ದದ್ದು ಆ ಸೂರಿನ ಕೆಳಗೆ. ಒಂದು ಕಡೆ ಎರಡು ತುಂಡು ಸೇರಿಸಿ ಟೇಪು ಸುತ್ತಿದ್ದರು. ಅದನ್ನು ಕಿತ್ತರೆ ಒಂದಷ್ಟು ದಿನವಾದರೂ ಸ್ಪೀಕರ್ ಬಾಯಿ ಮುಚ್ಚುತ್ತದೆ, ಅಷ್ಟರಲ್ಲಿ ವೈಶಾಖ ಬರುತ್ತದೆ. ಒಳಗೆ ಹಾಡು ಏರುತ್ತಿತ್ತು, ಪ್ರೆಸ್ಸುಗಳು ಅದರ ಜೊತೆಗೇ ಬೀಳುತ್ತಿದ್ದವು. ಮುನಿರಾಮಯ್ಯ ರಾಮನನ್ನು ನೆನೆದು ವೈರನ್ನು ಜಗ್ಗಿದ.

ಹಾಡು ಪಲ್ಲವಿಯ ನಡುವೆಯೇ ಕಡಿಯಿತು. ಎಷ್ಟೋ ದಿನಗಳ ಮೇಲೆ ಬರೀ ಪ್ರೆಸ್ಸುಗಳ ಸದ್ದು ಕೇಳಿ ಅವನ ಎದೆ ಹಗುರಾಯಿತು. ಮರುಗಳಿಗೆ ಒಬ್ಬ ಕೂಗಿದ. ಆಮೇಲೆ ಪ್ರೆಸ್ಸುಗಳು ಒಂದಾದ ಮೇಲೊಂದು ನಿಂತವು. ಎಲ್ಲವೂ ನಿಂತ ಮೇಲೂ ಆ ಕೂಗು ನಿಲ್ಲಲಿಲ್ಲ. ಯಾರದೆಂದು ಮುನಿರಾಮಯ್ಯನಿಗೆ ಗೊತ್ತಾಗಿಹೋಗಿತ್ತು. ಎತ್ತಿ ಆಡಿಸಿದ ಮಗುವಿನ ದನಿ ಯಾರಿಗೆ ಗೊತ್ತಾಗುವುದಿಲ್ಲ?

ಹಾಡು ಯಾಕೆ ನಿಂತಿತೆಂದು ಎಲ್ಲರೂ ತಲೆಯೆತ್ತಿದ್ದರು. ಅಂಜಿನಯ್ಯನೂ ಎತ್ತಿದ್ದ. ತಲೆ ನಿಂತರೂ ಕಾಲು ನಿಂತಿರಲಿಲ್ಲ. ಬಲಗೈ ಡೈಯೊಳಗಿತ್ತು.

ಆವತ್ತು ಸಂಜೆ ಆಸ್ಪತ್ರೆಯಲ್ಲಿ, ಬಟ್ಟೆ ಸುತ್ತಿದ ಕೈಯನ್ನು ದಿಂಬಿನ ಮೇಲಿಟ್ಟುಕೊಂಡು ಮಂಪರಿನಲ್ಲಿದ್ದ ಅಂಜಿನಯ್ಯ ಹಾಡು ಯಾಕೆ ನಿಂತುಹೋಯಿತೆಂದು ಮಾವನನ್ನು ಕೇಳಿದ. ಮುನಿರಾಮಯ್ಯನ ಬಾಯಿಗೆ ಮೊದಲು ಬಂದದ್ದು, ಕರೆಂಟು ಹೋಗಿತ್ತು ಕಣಪ್ಪ ಎಂಬ ಮಾತು. ಹುಡುಗ ಕಣ್ಣು ಮುಚ್ಚಿದ.

ಕಾರ್ಖಾನೆಯಲ್ಲಿ ವಿಚಾರಣೆ ಆಯಿತು. ವೈರು ತುಂಡಾಗಿದ್ದದ್ದು ಸಿಕ್ಕಿ, ಕ್ಯಾಂಟೀನಿನ ಇಲಿಗಳು ಕಡಿದಿವೆ ಎಂದು ತೀರ್ಮಾನವಾಯಿತು. ಮುನಿರಾಮಯ್ಯನ ಮೇಲೆ ಯಾರಿಗೂ ಅನುಮಾನ ಬರಲಿಲ್ಲ. ಸಾಲದ್ದಕ್ಕೆ ಶ್ಯಾಮಸುಂದರ ಬಂದು ಅವನ ಕೈ ಹಿಡಿದುಕೊಂಡು ನಿಜವಾಗಿಯೂ ಕಣ್ಣಲ್ಲಿ ನೀರು ತಂದ. ಹಾಡು ನಿಂತರೆ ಕೈ ನಿಂತ ಹಾಗೆ ಎಂದು ನೀವು ಅಂದೇ ಹೇಳಿದ್ದಿರಿ, ಅದನ್ನು ನಾವು ಇನ್ನೂ ಗಟ್ಟಿಯಾಗಿ ಹಿಡಿಯಬೇಕಿತ್ತು ಎಂದ. ಇನ್ನು ಮುಂದೆ ಹಾಡು ಎಂದೂ ನಡುವೆ ನಿಲ್ಲಬಾರದೆಂದು ಲಕ್ಷ್ಮೀಪತಿಯವರು ಎರಡನೆಯ ಸ್ಪೀಕರನ್ನೂ ಬೇರೆ ವೈರಿನಲ್ಲಿ ಹಾಕಿಸಿದರು. ಮುನಿರಾಮಯ್ಯ ಬಾಯಿ ಬಿಡಲಿಲ್ಲ. ಬಿಟ್ಟರೆ ಅಕ್ಕನ ಎದುರು ಹೇಗೆ ನಿಲ್ಲುವುದು ಎಂಬ ಹೆದರಿಕೆ ಅವನನ್ನು ತಿನ್ನುತ್ತಿತ್ತು. ಶನಿವಾರ ರಾಮಮಂದಿರಕ್ಕೆ ಹೋಗುವುದನ್ನೂ ಬಿಟ್ಟ.

ಮದುವೆ ನಿಲ್ಲಲಿಲ್ಲ. ಮುನಿರಾಮಯ್ಯನ ಹೆಂಡತಿ ಯಶೋದಮ್ಮ ಮಗಳ ಗತಿ ಏನೆಂದು ಗಂಡನ ಮುಂದೆ ಅತ್ತಳು. ಸೀತೆ ಅವನನ್ನು ಬಿಟ್ಟು ಬೇರೆಯವನನ್ನು ಒಲ್ಲೆ ಎಂದು ಒಂದೇ ಮಾತಿನಲ್ಲಿ ಮುಗಿಸಿದಳು. ವೈಶಾಖದಲ್ಲಿ ರಾಮಮಂದಿರದ ಚಪ್ಪರದಲ್ಲೇ ಧಾರೆ. ವರನ ಕೈಯ ಮೇಲೆ ವಧುವಿನ ಕೈ, ಅದರಲ್ಲೊಂದು ತೆಂಗಿನಕಾಯಿ, ಮುನಿರಾಮಯ್ಯನ ಕೈಯಲ್ಲಿ ಹಾಲಿನ ಚೊಂಬು. ವಾಲಗದವರು ಜೋರು ಹಿಡಿದಾಗ ಅಂಜಿನಯ್ಯ ಅವನಿಗೆ ಮಾತ್ರ ಕೇಳುವ ಹಾಗೆ ಮೆಲ್ಲಗೆ ಹೇಳಿದ.

“ಎಲ್ರೂ ಇಲಿ ಅಂತಾರೆ ಮಾವ. ನೀವೊಬ್ರೇ ಕರೆಂಟು ಅಂದಿದ್ದು. ಕರೆಂಟು ಹೋಗಿದ್ರೆ ಮಿಷನ್ನು ಬೀಳ್ತಿತ್ತಾ?”

ಚೊಂಬು ಅಲ್ಲೇ ನಿಂತಿತು. ಎರೀರಿ, ನಿಲ್ಲಿಸಬಾರದು ಎಂದು ಪುರೋಹಿತರು ಅವಸರಪಡಿಸಿದರು. ಅವನು ಎರೆದ. ಬೆರಳುಗಳಿಲ್ಲದ ಕಡೆಯಿಂದ ಹಾಲು ಸೋರಿ ಸೀತೆಯ ಹೊಸ ಸೀರೆಯ ಮೇಲೆ ಬಿತ್ತು. ಮಗಳು ತನ್ನ ಕೈಯನ್ನು ಇನ್ನಷ್ಟು ಒತ್ತಿ ಹಿಡಿದಳು.

ಮುಂದಿನ ಸೋಮವಾರ ಕೆಂಗೇರಿಯಿಂದ ಇಬ್ಬರೂ ಒಂದೇ ರೈಲಿಗೆ ಬಂದರು. ದೊಡ್ಡಹನುಮಯ್ಯನನ್ನು ಉಗ್ರಾಣದ ಕಾವಲಿಗೆ ಹಾಕಿದ್ದರು. ಅಂಜಿನಯ್ಯ ಹೊಸ ಖಾಕಿ ಅಂಗಿಯ ಗುಂಡಿ ಹಾಕಿಕೊಂಡು ಗೇಟಿನಲ್ಲಿ ನಿಂತ. ಮಾವ ಒಳಗೆ ಕಾಲಿಡುವಾಗ ಉಳಿದ ಬೆರಳುಗಳನ್ನು ಎತ್ತಿ ಸಲಾಮು ಹೊಡೆದ. ಮುನಿರಾಮಯ್ಯನಿಗೆ ಆ ಕೈಯನ್ನೂ ನೋಡಲಾಗಲಿಲ್ಲ, ಮುಖವನ್ನೂ ನೋಡಲಾಗಲಿಲ್ಲ.

“ಹೋಗಿ ಮಾವ,” ಎಂದ ಅಂಜಿನಯ್ಯ. “ಹಾಡು ಶುರುವಾಗೈತೆ.”

ಮುನಿರಾಮಯ್ಯ ಒಳಗೆ ಹೋಗಿ ತನ್ನ ಪ್ರೆಸ್ಸಿನ ಮುಂದೆ ಕೂತು ಪೆಡಲಿನ ಮೇಲೆ ಕಾಲಿಟ್ಟ.