ಎರಡು ತಾಸಿಗೊಂದು ಮಗ್ಗುಲು

ಸುಭದ್ರಮ್ಮ ಅಳಲಿಲ್ಲ ಅನ್ನುವುದೇ ಕಗ್ಗದಾಸಪುರದ ಆ ವಠಾರಕ್ಕೆ ದೊಡ್ಡ ಸಿಟ್ಟಾಗಿತ್ತು.

ಅವಳ ಗಂಡ ಅಮೃತಪ್ಪ ಹೊರಮಾವಿನಲ್ಲಿ ಸೆಂಟ್ರಿಂಗ್ ಹಲಗೆ ಬಿಚ್ಚುವಾಗ ಎರಡನೇ ಮಹಡಿಯಿಂದ ಬಿದ್ದು ಬೆನ್ನುಮೂಳೆ ಮುರಿದುಕೊಂಡಿದ್ದ. ಸೊಂಟದ ಕೆಳಗೆ ಜೀವವೇ ಇರಲಿಲ್ಲ. ಆಸ್ಪತ್ರೆಯಿಂದ ತಂದು ಮಲಗಿಸಿದ ದಿನ ಎಂಟು ಮನೆಯ ಹೆಂಗಸರೂ ಬಾಗಿಲಿಗೆ ಬಂದು ನಿಂತರು, ಅವಳು ಗೋಳಾಡಿದರೆ ಹಿಡಿದುಕೊಳ್ಳೋಣವೆಂದು. ಅವಳು ಗೋಳಾಡಲಿಲ್ಲ. "ಸ್ವಲ್ಪ ಜಾಗ ಬಿಡ್ರಿ, ಗಾಳಿ ಬರ್ಲಿ," ಅಂದಳು ಅಷ್ಟೇ.

"ಕಲ್ಲೆದೆ," ಅಂದಳು ಪಕ್ಕದ ಮನೆಯ ಲಕ್ಷ್ಮಿದೇವಿ, ಅವಳಿಗೆ ಕೇಳಿಸಲಿ ಅಂತಲೇ.

ಗಂಡ ಹೆಂಡತಿ ಇಬ್ಬರೂ ಬೀದರ್ ಕಡೆಯವರು, ಅಜ್ಜಂದಿರ ಕಾಲದಿಂದ ಕ್ರೈಸ್ತರು. ಅಮೃತಪ್ಪನ ಭಕ್ತಿಯೆಲ್ಲ ಕ್ರಿಸ್ಮಸ್ಸಿನ ಹೊಸ ಅಂಗಿ, ಮಟನ್ ಸಾರಿಗೇ ಮುಗಿಯುತ್ತಿತ್ತು. ಸುಭದ್ರಮ್ಮನದು ಬೇರೆ. ಅವಳ ಅವ್ವ ಮೂರು ಮಕ್ಕಳನ್ನು ಮಣ್ಣಿಗಿಟ್ಟು ಮಿಕ್ಕ ಇಬ್ಬರನ್ನು ಸಾಕಿದವಳು. ಕೈಲಾದದ್ದನ್ನು ಮಾಡು, ಕೈ ಮೀರಿದ್ದನ್ನು ದೇವರಿಗೆ ಒಪ್ಪಿಸು, ಒಪ್ಪಿಸಿದ ಮೇಲೆ ಮತ್ತೆ ವಾಪಸ್ ಕೇಳಬೇಡ ಎಂದು ಮಗಳಿಗೆ ಹೇಳಿಕೊಟ್ಟಿದ್ದಳು. ಕೇಳಲು ಸುಲಭ. ಆದರೆ ಒಪ್ಪಿಸಿದ ಚಿಂತೆ ಸಂಜೆಯೊಳಗೆ ಬೆಕ್ಕಿನ ಹಾಗೆ ಮನೆಗೆ ವಾಪಸ್ ಬಂದುಬಿಡುತ್ತದೆ ಅನ್ನುವುದು ಸುಭದ್ರಮ್ಮನಿಗೆ ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಅವಳು ದಿನಾ ಬೆಳಗಿನ ಐದಕ್ಕೆ ಟೆರೇಸಿಗೆ ಹೋಗಿ, ನೀರಿನ ಟ್ಯಾಂಕಿನ ಮರೆಯಲ್ಲಿ ಕಾಲು ಗಂಟೆ ಪ್ರಾರ್ಥನೆ ಮಾಡಿ, ಅಲ್ಲೇ ಮುಖ ತೊಳೆದು ಇಳಿದು ಬರುತ್ತಿದ್ದಳು.

ಆಸ್ಪತ್ರೆಯ ಡಾಕ್ಟರು ಕಳಿಸುವಾಗ ಒಂದೇ ಮಾತು ಹೇಳಿದ್ದರು. "ಮುರಿದ ಮೂಳೆ ಇವರನ್ನ ಸಾಯ್ಸಲ್ಲಮ್ಮ. ಬೆನ್ನಲ್ಲಿ ಹುಣ್ಣಾದ್ರೆ ಸಾಯ್ಸುತ್ತೆ. ಎರಡು ಗಂಟೆಗೊಂದ್ಸಲ ಮಗ್ಗುಲು ತಿರುಗಿಸ್ಬೇಕು. ರಾತ್ರೀನೂ ಅಷ್ಟೇ. ತಪ್ಪಿಸ್ಬೇಡಿ."

ಅವಳು ಗಾರೆ ಹೊರುವ ಕೆಲಸ ಬಿಟ್ಟು, ಮನೆಯಲ್ಲೇ ಜೋಳದ ರೊಟ್ಟಿ ಬಡಿದು ಖಾನಾವಳಿಗೆ ಕೊಡತೊಡಗಿದಳು. ಮೂವತ್ತು ರೊಟ್ಟಿ ಆದ ಮೇಲೆ ಕೈ ತೊಳೆದು ಅವನನ್ನು ಎಡಕ್ಕೆ ತಿರುಗಿಸುವುದು, ಮತ್ತೆ ಮೂವತ್ತು ಬಡಿದು ಬಲಕ್ಕೆ. ಆಳು ದಪ್ಪ. ತಿರುಗಿಸಿದಾಗಲೆಲ್ಲ ಅವನು ಬೈಯುತ್ತಿದ್ದ.

"ನಾ ಹಿಂಗ ಬಿದ್ದೀನಿ, ನೀ ರೊಟ್ಟಿ ಬಡೀತಿ. ನಿಂಗ ನನ್ನ ಚಿಂತೀನೇ ಇಲ್ಲ."

"ಚಿಂತಿ ಮಾಡಿದ್ರ ನಿಮ್ಮ ಮಗ್ಗುಲು ತಿರುಗ್ತದೇನ್ರಿ?" ಅನ್ನುತ್ತಿದ್ದಳು ಅವಳು. ಸಮಾಧಾನದ ದನಿಯಲ್ಲೇನಲ್ಲ, ಹಲ್ಲು ಕಚ್ಚಿಕೊಂಡು.

ಕೆ.ಆರ್. ಪುರದಲ್ಲಿದ್ದ ಮೈದುನ ದತ್ತು ಮೂರನೇ ತಿಂಗಳು ಬಂದ. ಅಣ್ಣನ ಮೈ ಮುಟ್ಟಲಿಲ್ಲ. ಜೊತೆಗೆ ನಾಲ್ಕು ಜನರ ಪ್ರಾರ್ಥನೆಯ ತಂಡ ಕರೆತಂದಿದ್ದ. ಅವರ ಮುಂದಾಳು ಕಿರಣಕುಮಾರ ಅಮೃತಪ್ಪನ ತಲೆಯ ಮೇಲೆ ಕೈಯಿಟ್ಟು, ಇಡೀ ಬೀದಿಗೆ ಕೇಳುವ ಹಾಗೆ ಅರ್ಧ ಗಂಟೆ ಪ್ರಾರ್ಥಿಸಿದ. ಕಾಲು ಅಲುಗಲಿಲ್ಲ. ಆಗ ಅವನು ಸುಭದ್ರಮ್ಮನ ಕಡೆ ತಿರುಗಿದ.

"ಅಕ್ಕಾ, ನಿಮ್ಮ ನಂಬಿಕೇಲಿ ಎಲ್ಲೋ ಕೊರತೆ ಇದೆ. ನೀವು ಪೂರ್ತಿ ನಂಬಿದ್ರೆ ಇವರು ಎದ್ದು ನಡೀತಾರೆ."

ಅಮೃತಪ್ಪ ಹೆಂಡತಿಯ ಮುಖ ನೋಡಿದ. ಓಹೋ, ಹಾಗಾದರೆ ತಪ್ಪು ನಿನ್ನದೇ ಅನ್ನುವ ನೋಟ. ಅದು ಅವಳ ಎದೆಗೆ ನಾಟಿತು. ಗೋಡೆಯ ಗಡಿಯಾರದಲ್ಲಿ ಹನ್ನೊಂದಾಗಿತ್ತು.

"ಇವರು ನಡೀತಾರೋ ಇಲ್ಲೋ ದೇವರಿಗೆ ಬಿಟ್ಟದ್ದು," ಅಂದಳು. "ಮಗ್ಗುಲು ತಿರುಗಿಸೋದು ನನಗೆ ಬಿಟ್ಟದ್ದು. ಹೊತ್ತಾಯ್ತು. ಆ ಕಾಲು ಎತ್ರಿ."

ಕಿರಣಕುಮಾರ ಕದಲಲಿಲ್ಲ. ಅಮೃತಪ್ಪನ ಮೂತ್ರದ ಚೀಲ ತುಂಬಿತ್ತು, ಅದರ ವಾಸನೆಗೆ ಅವನು ಮುಖ ಓರೆ ಮಾಡಿದ. "ದತ್ತು, ನೀನರೆ ಎತ್ತು," ಅಂದಳು. ದತ್ತು ಚಪ್ಪಲಿ ಹುಡುಕತೊಡಗಿದ. ಸುಭದ್ರಮ್ಮ ಒಬ್ಬಳೇ ಗಂಡನನ್ನು ತಿರುಗಿಸಿ, ಬೆನ್ನು ಒರೆಸಿ, ಬಾಗಿಲು ಪೂರ್ತಿ ತೆರೆದು ಪಕ್ಕಕ್ಕೆ ನಿಂತಳು. ನಾಲ್ವರೂ, ಅವರ ಹಿಂದೆ ದತ್ತುವೂ ಹೋದರು. ದತ್ತು ಆಮೇಲೆ ಫೋನ್ ಕೂಡ ಮಾಡಲಿಲ್ಲ.

ಆ ಗದ್ದಲ ಓನರ್ ಶ್ರೀಕಂಠಯ್ಯನವರಿಗೆ ನೆಪವಾಯಿತು. ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್ ಆಗಿ ರಿಟೈರ್ ಆದವರು, ಮೇಲಿನ ಮನೆಯಲ್ಲಿದ್ದರು. ಸಂಜೆ ಇಳಿದು ಬಂದು ಹೊಸ್ತಿಲ ಆಚೆಯೇ ನಿಂತರು.

"ನೋಡಮ್ಮ, ಬೆಳಗಾದ್ರೆ ಡಬ ಡಬ ಅಂತ ರೊಟ್ಟಿ ಬಡೀತೀಯ. ಟೆರೇಸಲ್ಲಿ ಒಬ್ಳೇ ಏನೇನೋ ಮಾತಾಡ್ತೀಯಂತೆ. ಈಗ ಈ ಗ್ಯಾಂಗು ಬೇರೆ. ನಾಳೆ ಯಾರಾದ್ರೂ ಬಂದು ಮತಾಂತರ ಅದೂ ಇದೂ ಅಂತ ಗಲಾಟೆ ಎಬ್ಬಿಸಿದ್ರೆ ನನ್ನ ತಲೆಗೆ ಬರುತ್ತೆ. ತಿಂಗಳ ಕೊನೆಗೆ ಖಾಲಿ ಮಾಡ್ಬಿಡು."

"ಮಲಗಿದವರನ್ನ ಹೊತ್ಕೊಂಡು ಎಲ್ಲಿಗೆ ಹೋಗ್ಲಿ ಸಾರ್?"

"ಅದನ್ನ ನಿಮ್ಮ ದೇವರನ್ನೇ ಕೇಳಮ್ಮ," ಅಂದು ಅವರು ಮೆಟ್ಟಿಲು ಹತ್ತಿದರು.

ಮರುದಿನ ಬೆಳಿಗ್ಗೆ ಅವಳು ಟೆರೇಸಿನಿಂದ ಇಳಿದು ಬಂದು, ಚಹಾ ಕಾಸಿ ಗಂಡನ ಕೈಗೆ ಕೊಟ್ಟು ಹಿಟ್ಟಿಗೆ ಎಸರು ಇಟ್ಟಳು. ಅಮೃತಪ್ಪ ಲೋಟವನ್ನು ಗೋಡೆಗೆ ಬೀಸಿ ಒಗೆದ.

"ಬೀದಿಗೆ ಬಿದ್ದೀವಿ, ಈಗ್ಲೂ ಎಸರು ಇಡ್ತಿ! ನಾ ಸತ್ರ ಸಾಕು ಅನ್ಕೊಂಡೀ ಏನ? ಒಮ್ಮೆರೆ ಅಳು, ನೋಡ್ತೀನಿ!"

ಸುಭದ್ರಮ್ಮನಿಗೂ ರೇಗಿತು. ಅಷ್ಟು ದಿನ ಹಲ್ಲಿನ ಹಿಂದೆ ಇಟ್ಟುಕೊಂಡದ್ದೆಲ್ಲ ಹೊರಗೆ ಬಂತು.

"ನಾ ಮ್ಯಾಲ ಹೋಗಿ ಏನ್ ಮಾಡ್ತೀನಿ ಗೊತ್ತೇನ್ರಿ? ಬೈತೀನಿ! ಮೊದಲು ದೇವರಿಗೆ ಬೈತೀನಿ, ಆ ಹಲಗಿ ಹಿಡೀಬಾರದಿತ್ತೇನು ಅಂತ. ಆಮ್ಯಾಲ ನಿಮಗ ಬೈತೀನಿ. ಆಮ್ಯಾಲ ಅಳ್ತೀನಿ. ಎಲ್ಲಾ ಅವನ ಮುಂದ ಸುರುವಿ ಬರ್ತೀನಿ, ಕೆಳಗ ಬಂದಾಗ ನಿಮ್ಮನ್ನ ಎತ್ತಲಿಕ್ಕ ರಟ್ಟಿ ಖಾಲಿ ಇರಬೇಕಲ್ರಿ! ಚಿಂತಿನೂ ಹೊತ್ತು ನಿಮ್ಮನ್ನೂ ಹೊರೋವಷ್ಟು ಶಕ್ತಿ ನನಗಿಲ್ಲ."

ಚಹಾ ಗೋಡೆಯ ಮೇಲಿಂದ ಇಳಿಯುತ್ತಿತ್ತು. ಅಮೃತಪ್ಪ ಅದನ್ನೇ ನೋಡುತ್ತ, "ದೇವರಿಗೆ ಬೈದ್ರ ನಡೀತದ?" ಅಂತ ಕೇಳಿದ.

"ಇಲ್ಲೀವರೆಗೂ ನಡದದ," ಅಂದು ಅವಳು ಗೋಡೆ ಒರೆಸಿದಳು.

ಆವತ್ತಿನಿಂದ ದಿನಾ ಮಧ್ಯಾಹ್ನ, ಎರಡು ಮಗ್ಗುಲಿನ ನಡುವೆ ಸಿಗುವ ಹೊತ್ತಿನಲ್ಲಿ ಅವಳು ಮನೆ ಹುಡುಕಿದಳು. ಒಂದು ಕಡೆ ರೋಗಿಗೆ ಕೊಡಲ್ಲ ಅಂದರು. ಇನ್ನೊಂದು ಕಡೆ ಹೆಸರು ಕೇಳಿ ಸುಮ್ಮನಿದ್ದವರು, ಯಾವ ದೇವಸ್ಥಾನಕ್ಕೆ ಹೋಗ್ತೀರ ಅಂತ ಕೇಳಿ, ಉತ್ತರ ಕೇಳಿದ ಮೇಲೆ ಗೇಟು ಹಾಕಿದರು. ಸಂಜೆ ಬಂದು ಕೂತಾಗ ಚಿಂತೆ ಬಾಯಿ ತೆರೆದು ನಿಲ್ಲುತ್ತಿತ್ತು. "ಸ್ವಾಮಿ, ಇವತ್ತಿನ ನಾಲ್ಕು ಗಲ್ಲಿ ಮುಗೀತು, ಮಿಕ್ಕಿದ್ದು ನಿನ್ನ ಪಾಲಿಗೆ," ಅಂದುಕೊಂಡು ಏಳುತ್ತಿದ್ದಳು. ಕೆಲವು ದಿನ ಹಾಗೆ ಅಂದರೂ ನಿದ್ದೆ ಬರುತ್ತಿರಲಿಲ್ಲ. ಆಗ ಮತ್ತೆ ಅಂದುಕೊಳ್ಳುತ್ತಿದ್ದಳು.

ತಿಂಗಳು ಮುಗಿಯಲು ಐದು ದಿನ ಇದ್ದಾಗ ಖಾನಾವಳಿಯವರು ಜೋಗುಪಾಳ್ಯದ ಹಿಟ್ಟಿನ ಗಿರಣಿಯೊಂದರ ವಿಳಾಸ ಕೊಟ್ಟರು. ಗಿರಣಿ ನಡೆಸುವ ಶರ್ಫುನ್ನೀಸಾ ಹುಬ್ಬು ಗಂಟಿಕ್ಕಿದ ಹೆಂಗಸು. ಸುಭದ್ರಮ್ಮ ಎಲ್ಲವನ್ನೂ ಮೊದಲೇ ಹೇಳಿಬಿಟ್ಟಳು. ರೋಗಿ, ರೊಟ್ಟಿ ಸದ್ದು, ಪ್ರಾರ್ಥನೆ, ಒಂದೂ ಬಿಡಲಿಲ್ಲ.

"ನನ್ನ ಮಿಷಿನ್ ಸದ್ದಲ್ಲಿ ನಿನ್ ರೊಟ್ಟಿ ಯಾರಿಗೆ ಕೇಳುತ್ತೆ?" ಅಂದಳು ಶರ್ಫುನ್ನೀಸಾ. "ನಿನ್ ದುವಾ ನೀನ್ ಮಾಡ್ಕೋ. ನಮ್ ಅಬ್ಬಾನೂ ನಾಕು ವರ್ಷ ಹಾಸಿಗೇಲೇ ಇದ್ದು ಹೋದ್ರು. ಹಿಂದಿನ ರೂಮಲ್ಲಿ ಮೂಟೆ ಇವೆ, ನೀನೇ ಎತ್ತಿಡ್ಬೇಕು. ನಗ್ಬೇಡ, ನಾನೇನ್ ಪುಕ್ಕಟೆ ಕೊಡ್ತಿಲ್ಲ."

ಖಾಲಿ ಮಾಡಿದ ದಿನ ವಠಾರದಲ್ಲಿ ಯಾರೂ ಕೈ ಹಾಕಲಿಲ್ಲ. ಶರ್ಫುನ್ನೀಸಾಳ ಮಗಳು ಮಹೀನ್ ಗಿರಣಿಯ ಟೆಂಪೋ ತಂದಳು. ಹಾಸಿಗೆಯ ಒಂದು ತುದಿ ಅವಳು ಹಿಡಿದಳು, ಇನ್ನೊಂದು ತುದಿ ಸುಭದ್ರಮ್ಮ.

ಹತ್ತು ತಿಂಗಳಾದ ಮೇಲೆ ಹಲಸೂರಿನ ಚರ್ಚಿನಲ್ಲಿ ಒಂದು ಭಾನುವಾರ ದೇವರು ತನಗೆ ಮಾಡಿದ್ದನ್ನು ಸಭೆಯ ಮುಂದೆ ಸಾಕ್ಷಿ ಹೇಳಲು ಅವಳನ್ನು ಎಬ್ಬಿಸಿದರು. ಜನ ಅದ್ಭುತವೊಂದನ್ನು ಕೇಳಲು ಕಾದು ಕೂತಿದ್ದರು.

"ನನ್ನ ಗಂಡ ನಡೀಲಿಲ್ಲ. ಡಾಕ್ಟರು ನಡಿಯಂಗಿಲ್ಲ ಅಂದಾರ," ಅಂದಳು ಸುಭದ್ರಮ್ಮ. "ಅವರಿಗೆ ಸಿಟ್ಟು ಇನ್ನೂ ಹೋಗಿಲ್ಲ, ನಂಗೂ ಹೋಗಿಲ್ಲ. ಆದ್ರ ಬೆನ್ನಾಗ ಒಂದು ಹುಣ್ಣಾಗಿಲ್ಲ. ನಾಳಿ ಏನಂತ ನನಗ ಗೊತ್ತಿಲ್ಲ, ಅವನಿಗೆ ಗೊತ್ತದ. ಅಷ್ಟೇ ನನ್ನ ಸಾಕ್ಷಿ."

ಸಾಕ್ಷಿ ಮುಗಿದಾಗ ಅನ್ನುವ ಹಾಗೆ ಯಾರೂ 'ಸ್ತೋತ್ರ' ಅನ್ನಲಿಲ್ಲ. ಮುಂದಿನ ಸಾಲಿನ ಒಬ್ಬರು ಕೆಮ್ಮಿದರು. ಪಾದ್ರಿ ಅಯ್ಯನವರು ಅವಸರವಾಗಿ ಮುಂದಿನ ಹಾಡಿನ ನಂಬರ್ ಹೇಳಿದರು. ಸುಭದ್ರಮ್ಮ ಕೂರಲಿಲ್ಲ. ಹತ್ತೂವರೆ ಆಗುತ್ತ ಬಂದಿತ್ತು, ಹನ್ನೊಂದಕ್ಕೆ ಮಗ್ಗುಲು. ಸೆರಗು ತಲೆಯ ಮೇಲೆ ಎಳೆದುಕೊಂಡು, ಬೆಂಚುಗಳ ನಡುವೆ ಎಲ್ಲರೂ ನೋಡುತ್ತಿದ್ದ ಹಾಗೆಯೇ ನಡೆದು, ಬಾಗಿಲಲ್ಲಿ ಚಪ್ಪಲಿ ಮೆಟ್ಟಿಕೊಂಡು ಮನೆಗೆ ಹೊರಟಳು.