ಬೂದು ಕೋಣೆಯಲ್ಲಿ ಕೆಂಪು ಸ್ಕಾರ್ಫ್

ಪೇಂಟ್ ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ಬಣ್ಣದಕ್ಕ ಎನ್ನುತ್ತಿದ್ದರು. ಗಿರಾಕಿ ತಂದ ಬಾಗಿಲಿನ ಚೂರನ್ನೋ ಒಡೆದ ಹೆಂಚನ್ನೋ ದೀಪದ ಕೆಳಗಿಟ್ಟು, ಅದೇ ಬಣ್ಣವನ್ನು ಕಲಸಿ ಕೊಡುವುದು ಅವಳ ಕೆಲಸ. ಆ ಕೋಣೆಯ ಗೋಡೆ, ಮೇಜು, ತೊಡುವ ಕೋಟು ಎಲ್ಲವೂ ಬೂದು. ಬೇರೆ ಬಣ್ಣ ಹತ್ತಿರವಿದ್ದರೆ ಅದರ ಛಾಯೆ ಮಾದರಿಯ ಮೇಲೆ ಬಿದ್ದು ಕಣ್ಣು ಮೋಸಹೋಗುತ್ತದೆ. ಹಾಗಾಗಿ ಅವಳ ತಲೆಯ ಸ್ಕಾರ್ಫೂ ಕೆಲಸಕ್ಕೆ ಸೇರಿದಾಗಿನಿಂದ ಬೂದೇ.

ಮ್ಯಾನೇಜರ್ ಮೊದಲು ನೆಟ್ಟಗಿದ್ದ. ಬೇರೆ ಮೈಬಣ್ಣದವರ, ಬೇರೆ ಧರ್ಮದವರ ಜೊತೆ ಹೇಗೆ ಮಾತಾಡಬೇಕೆಂಬ ತರಬೇತಿಗೆ ಹೋಗಿಬಂದ ಮೇಲೆ ಅವನ ನಾಲಿಗೆಗೆ ಗಂಟು ಬಿತ್ತು. ಅಕ್ಕ ಎನ್ನುತ್ತಿದ್ದವನು ಮೇಡಂ ಎನ್ನತೊಡಗಿದ. ಅವಳ ಮೈಬಣ್ಣ ಕಪ್ಪು. ಆದ್ದರಿಂದ ಅವಳೆದುರು ಕಪ್ಪು ಪೇಂಟು 'ಆ ಕೊನೆಯ ಡಬ್ಬಿ' ಆಯಿತು. ಅದು ಉಪವಾಸದ ತಿಂಗಳೇ ಅಲ್ಲ, ಆದರೂ ಅವಳ ಮುಂದೆ ಬಿಸ್ಕತ್ತು ತಿನ್ನಬಹುದೇ ಎಂದು ಅಪ್ಪಣೆ ಕೇಳಿದ. ಅವಳು ಕೆಡಿಸಿದ ಒಂದು ಹಸಿರನ್ನೂ ಅದ್ಭುತ ಎಂದ. ಅದನ್ನು ಅವಳೇ ಚೆಲ್ಲಿ ಮತ್ತೆ ಕಲಸಬೇಕಾಯಿತು.

ಅಷ್ಟರಲ್ಲಿ ಬಣ್ಣದ ಕೋಣೆಯ ಮುಖ್ಯಸ್ಥರ ಹುದ್ದೆ ಖಾಲಿಯಾಯಿತು. ನಿಮ್ಮಂಥವರು ಮುಂದೆ ಬರಬೇಕು ಮೇಡಂ, ಅದನ್ನು ನೀವೇ ತಗೊಳ್ಳಿ, ಎಂದ ಮ್ಯಾನೇಜರ್. ಆ ಹುದ್ದೆಯ ಮೇಲೆ ಅವಳಿಗೆ ಹಳೆಯ ಆಸೆ. ಆದರೆ 'ನಿಮ್ಮಂಥವರು' ಎಂಬ ಮಾತು ಚುಚ್ಚಿತು. ಕೊಡುತ್ತಿರುವುದು ತನ್ನ ಕಣ್ಣು ನೋಡಿಯೋ, ಸ್ಕಾರ್ಫ್ ನೋಡಿಯೋ?

"ಹೊಗಳಿದ್ರೂ ಹೊಟ್ಟೆನೋವಾ ನಿನಗೆ?" ಎಂದರು ಮನೆಯಲ್ಲಿ ವಿಷಯ ಕೇಳಿದ ಅತ್ತೆ.

ಅವಳು ಬೀರು ತೆಗೆದು, ಮದುವೆಮನೆಗೆಂದು ಎತ್ತಿಟ್ಟಿದ್ದ ಕಡುಗೆಂಪು ಸ್ಕಾರ್ಫನ್ನು ಕೊಡವಿದಳು.

ಮರುದಿನ ಅದನ್ನೇ ಸುತ್ತಿಕೊಂಡು ದೀಪದ ಮುಂದೆ ಕೂತಳು. ಬಿಳಿ ಮಾದರಿ ನಾಚಿದಂತೆ ಕೆಂಪಾಯಿತು. ಮ್ಯಾನೇಜರ್ ಬಂದ, ನೋಡಿದ. ಕಿಟಕಿಯೇ ಇಲ್ಲದ ಕೋಣೆಯಲ್ಲಿ ನಿಂತು ಮೋಡದ ಬಗ್ಗೆ ಮಾತಾಡಿದ. ಹೊರಗೆ ಹೋಗಿ ನೀರು ಕುಡಿದು ಬಂದ.

"ತಪ್ಪು ತಿಳ್ಕೋಬೇಡಿ ಮೇಡಂ. ಸ್ಕಾರ್ಫು ಇಂಥದೇ ಬಣ್ಣ ಇರಬೇಕು ಅಂತ ನಿಮ್ಮಲ್ಲಿ ಏನಾದ್ರೂ ನಿಯಮ ಇದೆಯಾ?"

"ಇದೆ ಸರ್. ಬೂದೇ ಇರಬೇಕು."

"ಹೌದಾ? ಎಲ್ಲಿ ಬರೆದಿದೆ?" ಅವನ ದನಿಯಲ್ಲಿ ಭಕ್ತಿಯಿತ್ತು.

"ನಿಮ್ಮ ಬೆನ್ನ ಹಿಂದೆ. ನೀವೇ ಅಂಟಿಸಿದ್ದು."

ಅವನು ತಿರುಗಿ, ಗೋಡೆಯ ಮೇಲಿದ್ದ ತನ್ನದೇ ಸೂಚನೆಯನ್ನು ಓದಿಕೊಂಡ. ಕಿವಿಗಳು ಸ್ಕಾರ್ಫಿಗೆ ಸರಿಜೋಡಿಯಾದವು. ನಿಮಗೆ ನೋವಾಗಬಾರದು ಅಂತ ಸುಮ್ಮನಿದ್ದೆ, ಎಂದು ತೊದಲಿದ.

ಅವಳು ಕೋಟಿನ ಜೇಬಿನಿಂದ ಬೂದು ಸ್ಕಾರ್ಫ್ ತೆಗೆದು, ಪಕ್ಕದ ಕೋಣೆಗೆ ಹೋಗಿ ಬದಲಿಸಿಕೊಂಡು ಬಂದಳು.

"ಆ ಹುದ್ದೆ ನನಗೆ ಬೇಕು ಸರ್. ಆದ್ರೆ ಮೊದಲು ನನ್ನ ಕೆಲಸದಲ್ಲಿ ಒಂದು ತಪ್ಪು ಹೇಳಿ. ಹೇಳೋಕಾಗದಿದ್ರೆ, ನೀವು ನನ್ನ ಕೆಲಸ ನೋಡೇ ಇಲ್ಲ ಅಂತಾಯ್ತು."

ಅವನು, ಹಿಂದಿನ ದಿನ ಅವಳು ಕಲಸಿಟ್ಟಿದ್ದ ಬೂದು ಪೇಂಟಿನ ಡಬ್ಬಿಯತ್ತ ಬೊಟ್ಟು ಮಾಡಿದ.

"ಬೂದು ಕಲಸೋವಾಗ ನಿಮ್ಮ ಕೈ ಭಾರ ಅಕ್ಕ. ಯಾವಾಗಲೂ ಕಪ್ಪು ಒಂದು ಹನಿ ಜಾಸ್ತಿ."

ಹೇಳಿದವನೇ, ಸೂರು ಕುಸಿಯುತ್ತದೇನೋ ಎಂಬಂತೆ ಮೇಜಿನ ಅಂಚು ಹಿಡಿದುಕೊಂಡ. ಸೂರು ಹಾಗೇ ಇತ್ತು. ಅವಳಿಗೆ ಮಾತ್ರ ಸಿಟ್ಟು ನೆತ್ತಿಗೇರಿತು. ತನ್ನ ಬೂದುಬಣ್ಣಕ್ಕೆ ಹೆಸರಿಡುವುದೇ? ಒಂದು ಹನಿ ಕಡಿಮೆ ಹಾಕಿ ಇನ್ನೊಂದು ಬೂದು ಕಲಸಿ, ಎರಡನ್ನೂ ಗಿರಾಕಿಯ ಮಾದರಿಯ ಪಕ್ಕದಲ್ಲಿಟ್ಟಳು. ಬಗ್ಗಿ ನೋಡಿದಳು, ಸರಿದು ನೋಡಿದಳು. ಅವನು ಹೇಳಿದ್ದು ಸರಿಯಾಗಿತ್ತು.

ಸಂಜೆ ಅತ್ತೆ ಬಾಗಿಲಲ್ಲೇ ಕೇಳಿದರು, "ಏನಂದ ನಿನ್ನ ಮ್ಯಾನೇಜರು?"

"ಬೈದ, ಅತ್ತೆ," ಎಂದಳು, ಮುಖವರಳಿಸಿ. "ಹುದ್ದೆ ಒಪ್ಕೊಂಡು ಬಂದೆ."